ಆಟದ ರೈಲಿಗೊಂದು ಒಂಟಿ ಹಳಿ

ರೋಣ, ನರಗುಂದ, ಗಜೇಂದ್ರಗಡ. ಗದಗ ಜಿಲ್ಲೆಯ ಈ ಮೂರೂ ತಾಲ್ಲೂಕು ಕೇಂದ್ರಗಳು. ಮೂರೂ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರಗಳ ಕಡೆಗೆ ಹೋಗುವ ಮಾರ್ಗ ರೋಣ ತಾಲ್ಲೂಕಿನ ಮಲ್ಲಾಪುರ ಮತ್ತು ಹೊಳೆಆಲೂರುಗಳನ್ನು ಮುಟ್ಟಿ, ಮಲಪ್ರಭೆಯನ್ನು ದಾಟಿ ಮುಂದೆ ಸಾಗುತ್ತದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಮೀಟರ್‌ಗೇಜ್ ಮಾರ್ಗವದು. ಈಗ ಬ್ರಾಡ್‌ಗೇಜ್ ಆಗಿದೆ. ಗಜೇಂದ್ರಗಡದ ಪೂರ್ವಕ್ಕಿರುವ ಕುಷ್ಟಗಿಗೂ 2025ರಲ್ಲಿ ರೈಲು ಬಂದಿತು. ನಡುವಿನ ನಮ್ಮ ಪಟ್ಟಣಗಳ ಮಕ್ಕಳು ಮಾತ್ರ ರೈಲು ನೋಡಬೇಕೆಂದರೆ ಬಸ್ಸು ಹತ್ತಬೇಕು.

ಇಂಥ ಊರಿನ ಮಕ್ಕಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ರೈಲಿನ ಮಾದರಿ ಮಾಡುವುದು ಸಹಜವೇ. ರಟ್ಟು, ಥರ್ಮೋಕೋಲು, ಒಂದು ಪುಟ್ಟ ಮೋಟಾರು, ಎರಡು ಸೆಲ್ಲು ಇದ್ದರೆ ರೈಲು ತಯಾರು. ಮನೆಯಲ್ಲಿ ಅನುಕೂಲವಿದ್ದವರು ಹಳಿಸಹಿತ ಸಿಗುವ ಆಟದ ರೈಲನ್ನು ತಂದು, ಪ್ಲೈವುಡ್ ಹಲಗೆಯ ಮೇಲೆ ಜೋಡಿಸಿ, ಸುತ್ತಲೂ ಗಿಡ, ಮನೆ, ಗುಡ್ಡಗಳನ್ನು ಮಾಡಿ ಒಂದು ಪುಟ್ಟ ಊರನ್ನೇ ಕಟ್ಟುತ್ತಾರೆ. ಇಂಥ ಊರಿಗೆ ಒಂದು ಮೊನೊರೈಲನ್ನು ಸೇರಿಸುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ ಏಕೆ ಸೇರಿಸಬೇಕು ಎಂಬುದು ಇಂದಿನ ನಮ್ಮ ವಿಷಯ.

ಮೊದಲಿಗೆ ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾದ ಮೆಟ್ರೊ ಕಂಬಗಳ ಮೇಲೆ ಓಡುತ್ತದೆ ನಿಜ, ಆದರೆ ಅದು ಮೊನೊರೈಲಲ್ಲ. ಅದು ಎಲ್ಲ ರೈಲುಗಳಂತೆ ಎರಡು ಹಳಿಗಳ ಮೇಲೆಯೇ ಓಡುತ್ತದೆ. ಮೊನೊರೈಲಿಗೆ ಇರುವುದು ಒಂದೇ ಹಳಿ. ಸಾಮಾನ್ಯವಾಗಿ ಅದು ಕಾಂಕ್ರೀಟಿನ ತೊಲೆ. ಎಮ್ಮೆಯ ಬೆನ್ನ ಮೇಲೆ ಹುಡುಗ ಎರಡೂ ಕಡೆ ಕಾಲು ಇಳಿಬಿಟ್ಟು ಕೂತಂತೆ ಬಂಡಿ ಆ ತೊಲೆಯನ್ನು ಅಪ್ಪಿಕೊಂಡು ಕೂರುತ್ತದೆ. ಮೇಲಿನ ರಬ್ಬರ್ ಗಾಲಿಗಳು ಭಾರ ಹೊರುತ್ತವೆ; ಎರಡು ಮಗ್ಗುಲಿನ ಗಾಲಿಗಳು ವಾಲದಂತೆ ಹಿಡಿಯುತ್ತವೆ. ಇನ್ನೊಂದು ಬಗೆಯಲ್ಲಿ ಬಂಡಿ ಹಳಿಯ ಕೆಳಗೆ ತೊಟ್ಟಿಲಿನಂತೆ ತೂಗುತ್ತದೆ.

ಇದು ಹೊಸ ಕಲ್ಪನೆಯೇನಲ್ಲ. ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ತೂಗುವ ರೈಲು 1901ರಿಂದ ಇದೆ. ಕಿರಿದಾದ ಕಣಿವೆ, ಎರಡೂ ದಡದಲ್ಲಿ ಮನೆ, ಕಾರ್ಖಾನೆಗಳು. ಹಳಿ ಹಾಕಲು ನೆಲವೇ ಇರಲಿಲ್ಲ. ಆದ್ದರಿಂದ ನದಿಯ ಮೇಲೆಯೇ ಹಳಿಯನ್ನು ತೂಗುಹಾಕಿದರು. ನಮ್ಮ ದೇಶದಲ್ಲಿ 1902ರಲ್ಲಿ ಮುನ್ನಾರಿನ ಕುಂಡಲ ಕಣಿವೆಯಲ್ಲಿ ಒಂಟಿ ಹಳಿಯ ಮೇಲೆ ಎತ್ತುಗಳು ಬಂಡಿ ಎಳೆದವು. ಪಂಜಾಬಿನ ಪಟಿಯಾಲಾ ಸಂಸ್ಥಾನದಲ್ಲಿ 1907ರಿಂದ 1927ರವರೆಗೆ ರಸ್ತೆಯ ಬದಿಯಲ್ಲಿ ಒಂದೇ ಹಳಿ ಹಾಕಿ ರೈಲು ಓಡಿಸಿದರು. ಭಾರದ ಬಹುಪಾಲನ್ನು ಹಳಿಯ ಮೇಲಿನ ಗಾಲಿಗಳು ಹೊರುತ್ತಿದ್ದವು. ರಸ್ತೆಯ ಮೇಲೆ ಉರುಳುತ್ತಿದ್ದ ಒಂದು ದೊಡ್ಡ ಗಾಲಿ ಬಂಡಿ ಬೀಳದಂತೆ ನೋಡಿಕೊಳ್ಳುತ್ತಿತ್ತು. ಹೇಸರಗತ್ತೆಗಳೂ ಎಳೆದವು, ಉಗಿಯಂತ್ರವೂ ಎಳೆಯಿತು. ಆ ಉಗಿಯಂತ್ರಗಳಲ್ಲಿ ಒಂದನ್ನು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಈ ಎಲ್ಲ ಉದಾಹರಣೆಗಳಲ್ಲಿ ಒಂದು ಮಾತು ಸಮಾನವಾಗಿದೆ. ಎರಡು ಹಳಿ ಹಾಕಲಾಗದ, ಅಥವಾ ಹಾಕಿದರೆ ದುಬಾರಿಯಾಗುವ ಜಾಗದಲ್ಲಿ ಒಂದು ಹಳಿ ಬಂದಿದೆ. ಮುಂಬಯಿಯ ಮೊನೊರೈಲಿನ ಕಥೆ ಇದಕ್ಕೆ ವ್ಯತಿರಿಕ್ತ. ಅದು 2014ರ ಫೆಬ್ರವರಿಯಲ್ಲಿ ಆರಂಭವಾಗಿ, 2019ರಲ್ಲಿ ಪೂರ್ಣಗೊಂಡು ಸುಮಾರು 20 ಕಿಲೋಮೀಟರ್ ಉದ್ದವಾಯಿತು. ಆದರೆ ನಿರೀಕ್ಷಿಸಿದಷ್ಟು ಪ್ರಯಾಣಿಕರು ಬರಲಿಲ್ಲ. 2025ರ ಆಗಸ್ಟಿನ ಮಳೆಯಲ್ಲಿ ಜನ ಒಮ್ಮೆಲೇ ನುಗ್ಗಿದಾಗ ಭಾರ ಹೆಚ್ಚಾಗಿ ಗಾಡಿ ನಡುದಾರಿಯಲ್ಲಿ ನಿಂತುಹೋಯಿತು. ಅದೇ ಸೆಪ್ಟೆಂಬರಿನಲ್ಲಿ ನವೀಕರಣಕ್ಕೆಂದು ಸಂಚಾರವನ್ನು ನಿಲ್ಲಿಸಲಾಯಿತು. ಕೆಲಸವಿಲ್ಲದ ಕಡೆ ಎಷ್ಟು ಚಂದದ ಗಾಡಿ ತಂದರೂ ಅದು ಭಾರವೇ. ಈ ಮಾತು ಪ್ಲೈವುಡ್ ಹಲಗೆಗೂ ಅನ್ವಯಿಸುತ್ತದೆ.

ಆದ್ದರಿಂದ ನಿಮ್ಮ ಮಾದರಿಯ ಮೇಲೆ ಮೊನೊರೈಲನ್ನು ಇಡುವ ಮೊದಲು ಮಕ್ಕಳಿಗೆ ಈ ಪ್ರಶ್ನೆ ಹಾಕಿರಿ: 'ಇದು ಯಾರನ್ನು, ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ?' ಉತ್ತರ ಸಿಕ್ಕರೆ ಮೊನೊರೈಲು ಇಡಿ. ಸಿಗದಿದ್ದರೆ ಇನ್ನೊಂದು ಸೇತುವೆ ಮಾಡಿ.

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ನೆಲವನ್ನೇ ಹಲಗೆಗೆ ತರೋಣ. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆ ಇರಲಿ. ಒಂದು ಮೂಲೆಯಲ್ಲಿ ಹೊಳೆಆಲೂರಿನ ನಿಲ್ದಾಣ, ಪಕ್ಕದಲ್ಲಿ ಮಲಪ್ರಭೆ ಮತ್ತು ಅದರ ಸೇತುವೆ. ನಡುವೆ ರೋಣದ ಎರೆ ಹೊಲಗಳು, ಜೋಳ, ಕಡಲೆ. ಒಂದು ಕಡೆ ಬಯಲಿನಲ್ಲಿ ಥಟ್ಟನೆ ಎದ್ದು ನಿಂತ ನರಗುಂದದ ಕೋಟೆಗುಡ್ಡ. ಎದುರು ಮೂಲೆಯಲ್ಲಿ ಗಜೇಂದ್ರಗಡದ ಗುಡ್ಡಸಾಲು, ಅದರ ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿ, ಮೇಲೆ ಗಾಳಿಯಂತ್ರಗಳು. ಎರಡು ಹಳಿಯ ರೈಲು ಬಯಲಲ್ಲಿ ಸುತ್ತಲಿ. ಮೊನೊರೈಲು ಬಯಲಿನ ನಿಲ್ದಾಣದಿಂದ ಗುಡಿಗೆ ಹೋಗುವ ವಯಸ್ಸಾದವರನ್ನು ಗುಡ್ಡಕ್ಕೆ ಏರಿಸಲಿ. ಇದು ಅದಕ್ಕೆ ಒಪ್ಪುವ ಕೆಲಸ.

ಏಕೆ ಒಪ್ಪುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಒ. ಅಂದರೆ ನಿಜದ 87 ಮೀಟರ್ ಇಲ್ಲಿ 1 ಮೀಟರ್. ನಮ್ಮ ಬ್ರಾಡ್‌ಗೇಜ್ ಮಾರ್ಗದಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಹಲಗೆಯ ಮೇಲೆ ಅದು 2 ಮೀಟರ್ ಆಗುತ್ತದೆ. ಪೂರ್ತಿ ತಿರುಗಲು 4 ಮೀಟರ್ ಅಗಲ ಬೇಕು. ನಮ್ಮ ಹಲಗೆ ಇರುವುದೇ 1.22 ಮೀಟರ್. ಅದಕ್ಕಾಗಿಯೇ ಆಟದ ರೈಲಿನ ಹಳಿಗಳನ್ನು ತಯಾರಕರು ಬಹಳ ಬಿಗಿಯಾಗಿ ಬಾಗಿಸಿರುತ್ತಾರೆ. ಮೊನೊರೈಲಾದರೋ ನಿಜದಲ್ಲಿಯೇ ಸುಮಾರು 50 ಮೀಟರ್ ತ್ರಿಜ್ಯದಲ್ಲಿ ತಿರುಗಬಲ್ಲದು. ಹಲಗೆಯ ಮೇಲೆ ಅದು 57 ಸೆಂಟಿಮೀಟರ್. ಯಾವ ಸುಳ್ಳೂ ಇಲ್ಲದೆ ನಮ್ಮ ಹಲಗೆಯಲ್ಲಿ ಹಿಡಿಸುತ್ತದೆ.

ಇನ್ನು ಏರು. ಸಾಮಾನ್ಯ ರೈಲು 100 ಮೀಟರ್ ಓಡಿದರೆ 1 ಮೀಟರ್ ಏರುವುದೇ ಹೆಚ್ಚು. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಟ್ಟದಲ್ಲಿ 37ಕ್ಕೆ 1 ಇದೆ. ಅಲ್ಲಿ ಹೆಚ್ಚುವರಿ ಎಂಜಿನ್ನುಗಳು ಬೇಕಾಗುತ್ತವೆ. ರಬ್ಬರ್ ಗಾಲಿಯ ಮೊನೊರೈಲು 100ಕ್ಕೆ 6ರಷ್ಟು ಏರಬಲ್ಲದು. ನಮ್ಮ ಹಲಗೆಯ ಗುಡ್ಡ 25 ಸೆಂಟಿಮೀಟರ್ ಎತ್ತರವಿದ್ದರೆ ಸಾಮಾನ್ಯ ರೈಲಿಗೆ 25 ಮೀಟರ್ ಹಳಿ ಬೇಕು, ಘಟ್ಟದ ರೈಲಿಗೂ 9 ಮೀಟರ್ ಮೀರುತ್ತದೆ. ಮೊನೊರೈಲಿಗೆ 4 ಮೀಟರಿನಷ್ಟು ಸಾಕು. ಹಲಗೆಯ ಸುತ್ತಳತೆ 7 ಮೀಟರಿಗಿಂತ ಸ್ವಲ್ಪ ಹೆಚ್ಚು. ಹಲಗೆಯ ಅಂಚಿಗೆ ಅರ್ಧ ಸುತ್ತಿಗಿಂತ ತುಸು ಹೆಚ್ಚು ಓಡುವಷ್ಟರಲ್ಲಿ ಗಾಡಿ ಗುಡಿಯ ಮುಂದಿರುತ್ತದೆ.

ಈಗ ಕಟ್ಟುವ ಕ್ರಮ. ನಿಜದ ತೊಲೆಯ ಅಗಲ 80–85 ಸೆಂಟಿಮೀಟರ್. ನಮ್ಮ ಅಳತೆಯಲ್ಲಿ ಅದು ಹೆಚ್ಚುಕಡಿಮೆ 1 ಸೆಂಟಿಮೀಟರ್. ಬಡಿಗರ ಹತ್ತಿರ 1 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಎತ್ತರದ ಮರದ ಪಟ್ಟಿ ಸೀಳಿಸಿ ತಂದರೆ ನೇರ ದಾರಿ ಸಿದ್ಧವಾಯಿತು. ತಿರುವಿಗೆ ದಪ್ಪ ಪಟ್ಟಿ ಬಾಗುವುದಿಲ್ಲ. 2 ಮಿಲಿಮೀಟರ್ ದಪ್ಪದ ಐದು ಪಟ್ಟಿಗಳನ್ನು ತೆಗೆದುಕೊಳ್ಳಿ. ಹಲಗೆಯ ಮೇಲೆ ತಿರುವಿನ ಗೆರೆ ಎಳೆದು, ಗೆರೆಗುಂಟ ಮೊಳೆ ಹೊಡೆಯಿರಿ. ಪಟ್ಟಿಗಳಿಗೆ ಅಂಟು ಹಚ್ಚಿ ಒಂದರ ಮೇಲೊಂದು ಮೊಳೆಗಳಿಗೆ ಒತ್ತಿ ಬಾಗಿಸಿ ಕಟ್ಟಿ, ಒಂದು ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಬಿಚ್ಚಿದರೆ ತಿರುವು ಹಾಗೆಯೇ ನಿಂತಿರುತ್ತದೆ.

ಕಂಬಗಳನ್ನು 25 ಸೆಂಟಿಮೀಟರಿಗೆ ಒಂದರಂತೆ ನಿಲ್ಲಿಸಿ. ನಿಜದಲ್ಲೂ ಎರಡು ಕಂಬಗಳ ನಡುವೆ 20ರಿಂದ 30 ಮೀಟರ್ ಇರುವುದರಿಂದ ಅಳತೆ ಕೂಡಿಬರುತ್ತದೆ. ಮೊನೊರೈಲು ಕೆಳಗಿನ ರೈಲುಮಾರ್ಗವನ್ನು ದಾಟುವಲ್ಲಿ ತೊಲೆಯ ತಳ ಹಳಿಯಿಂದ 9 ಸೆಂಟಿಮೀಟರ್ ಎತ್ತರವಿರಲಿ. ವಿದ್ಯುತ್ ರೈಲಿನ ತಂತಿ ಹಳಿಯಿಂದ ಸುಮಾರು 5.5 ಮೀಟರ್ ಮೇಲಿರುತ್ತದೆ. ನಮ್ಮ ಲೆಕ್ಕದಲ್ಲಿ ಆರೂಕಾಲು ಸೆಂಟಿಮೀಟರ್. ಉಳಿದದ್ದು ಹಳಿ ತಪ್ಪಿದ ಬೋಗಿಯನ್ನು ಎತ್ತಿಡಲು ನಿಮ್ಮ ಕೈಗೆ ಬೇಕಾದ ಜಾಗ. ಗುಡ್ಡದ ಕಡೆ ಕಂಬಗಳನ್ನು ಒಂದೊಂದಾಗಿ ಒಂದೂವರೆ ಸೆಂಟಿಮೀಟರ್ ಎತ್ತರಿಸುತ್ತ ಹೋದರೆ 100ಕ್ಕೆ 6ರ ಏರು ತಾನಾಗಿ ಬರುತ್ತದೆ.

ಕಂಬ ನಿಲ್ಲಿಸುವಾಗ ಮಕ್ಕಳಿಗೆ ಎರೆ ಮಣ್ಣಿನ ಮಾತು ಹೇಳಲು ಮರೆಯಬೇಡಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಮಣ್ಣು ನಮ್ಮದು. ಗೋಡೆಗಳೇ ಸೀಳುಬಿಡುತ್ತವೆ. ಇಲ್ಲಿ ನಿಜದ ಕಂಬ ನಿಲ್ಲಿಸುವವರು ಉಬ್ಬುವ ಪದರವನ್ನು ದಾಟಿ ಆಳಕ್ಕೆ ಹೋಗಬೇಕು. ಮಾದರಿಯಲ್ಲಿಯೂ ಕಂಬವನ್ನು ಥರ್ಮೋಕೋಲಿಗೆ ಅಂಟಿಸಬೇಡಿ. ಅದನ್ನು ದಾಟಿ ಪ್ಲೈವುಡ್ಡಿಗೆ ಕೊರೆದು ಸ್ಕ್ರೂ ಹಾಕಿ.

ಬಂಡಿ ಉರುಳದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ನಾಜೂಕಾದ ಕೆಲಸ. ಭಾರ ತೊಲೆಯ ತಲೆಗಿಂತ ಕೆಳಗಿರಬೇಕು. ಬಂಡಿಯ ಎರಡೂ ಮಗ್ಗುಲಿಗೆ ಸೆರಗಿನಂತೆ ಇಳಿಬಿದ್ದ ಫಲಕಗಳಿರಲಿ. ಅವುಗಳ ಒಳಗೆ ಸೆಲ್ಲುಗಳನ್ನೋ ಒಂದೆರಡು ಕಬ್ಬಿಣದ ನಟ್ಟುಗಳನ್ನೋ ಸಮನಾಗಿ ಅಂಟಿಸಿ. ಸೆಲ್ಲಿನಿಂದ ಓಡುವ ಬಂಡಿ ಮಕ್ಕಳಿಗೆ ಸುಲಭ. ತೊಲೆಯಿಂದಲೇ ವಿದ್ಯುತ್ ಕೊಡುವುದಾದರೆ ಎರಡು ಮಗ್ಗುಲಿಗೂ ತಾಮ್ರದ ಪಟ್ಟಿ ಅಂಟಿಸಿ, 12 ವೋಲ್ಟಿನ ಅಡಾಪ್ಟರಿನಿಂದ ಕೆಳಗಿನ ರೈಲಿನದಲ್ಲದ ಬೇರೆ ಸಂಪರ್ಕ ಕೊಡಿ. ಒಂದೇ ಸಂಪರ್ಕ ಕೊಟ್ಟರೆ ಒಂದನ್ನು ನಿಲ್ಲಿಸಿದಾಗ ಇನ್ನೊಂದೂ ನಿಲ್ಲುತ್ತದೆ. ಮನೆಯ 230 ವೋಲ್ಟಿನ ತಂತಿ ಹಲಗೆಯ ಹತ್ತಿರವೂ ಬರಕೂಡದು. ಬಂಡಿ ನಡುನಡುವೆ ನಿಂತರೆ ಮೋಟಾರನ್ನು ಬಯ್ಯುವ ಮೊದಲು ತಾಮ್ರವನ್ನು ಮುಟ್ಟುವ ಎಲೆಯನ್ನು ನೋಡಿ. ಮುಂಬಯಿಯಲ್ಲಿ ಆಗಸ್ಟಿನ ಆ ದಿನ ಭಾರಕ್ಕೆ ಬಿಟ್ಟುಹೋದದ್ದೂ ಹಳಿ ಮತ್ತು ಬಂಡಿಯ ನಡುವಿನ ಇಂಥದೇ ವಿದ್ಯುತ್ ಸಂಪರ್ಕ.

ಅಂಗಡಿಯ ಆಟಿಕೆ ಮೊನೊರೈಲನ್ನು ತಂದು ಜೋಡಿಸಬಾರದೆ ಎಂದು ನೀವು ಕೇಳಬಹುದು. ಧಾರಾಳವಾಗಿ ಜೋಡಿಸಬಹುದು. ಡೆನ್ಮಾರ್ಕಿನ ಲೆಗೋ ಕಂಪನಿ 1987ರಲ್ಲಿಯೇ ಮಕ್ಕಳು ಬಿಡಿಭಾಗಗಳಿಂದ ಕಟ್ಟುವ ಮೊನೊರೈಲನ್ನು ಹೊರತಂದಿತ್ತು. ಆದರೆ ಆಟಿಕೆಗಳು ರೈಲಿನ ಅಳತೆಗೆ ಹೊಂದುವುದು ಅಪರೂಪ. ಆಗ ಅದನ್ನು ಗುಡ್ಡದ ಮೇಲೆ, ಹಿನ್ನೆಲೆಗೆ ಸರಿಸಿ. ರೈಲಿನ ಪಕ್ಕದಲ್ಲಿ ನಿಲ್ಲಿಸಬೇಡಿ. ಎಲ್ಲವನ್ನೂ ಅಳತೆಗೆ ಸರಿಯಾಗಿ ಮಾಡುತ್ತೇವೆಂಬ ಹಟವೂ ಬೇಡ. 80 ಮೀಟರ್ ಎತ್ತರದ ಗಾಳಿಯಂತ್ರ ಈ ಅಳತೆಯಲ್ಲಿ 92 ಸೆಂಟಿಮೀಟರ್ ಆಗಿ ಗುಡ್ಡವನ್ನೇ ನುಂಗುತ್ತದೆ. ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರಂ ಮಾಡಹೊರಟರೆ 17 ಮೀಟರ್ ಬೇಕು, ತರಗತಿಯ ಗೋಡೆ ಒಡೆಯಬೇಕಾದೀತು! ಗಾಳಿಯಂತ್ರಗಳನ್ನು ಹಿಂದಿನ ಪರದೆಯ ಮೇಲೆ ಬರೆದರೆ ಸಾಕು.

ಮಾದರಿಯ ಕೆಲಸ ಎಷ್ಟು ದೂರ ಹೋಗಬಲ್ಲದೆಂದು ನೋಡುವ ಆಸೆಯಿದ್ದರೆ ಪುಣೆಯ ಕೋಥರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲುಗಳ ವಸ್ತುಸಂಗ್ರಹಾಲಯವಿದೆ. ನಿಜದ ಎಂಜಿನ್ನು, ಬೋಗಿಗಳನ್ನು ಮುಟ್ಟಿ ನೋಡಲು 2020ರಲ್ಲಿ ಆರಂಭವಾದ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯ ನಮಗೆ ಹತ್ತಿರ. ಶಾಲಾ ಪ್ರವಾಸದ ಪಟ್ಟಿಯಲ್ಲಿ ಅದಕ್ಕೊಂದು ದಿನ ಇರಲಿ.

ಕೊನೆಯದಾಗಿ ಒಂದು ಮಾತು. ಮಾದರಿ ಪೂರ್ತಿಯಾದ ಮೇಲೆ ಯಾರಾದರೂ ಮಗು ಕೇಳಿಯೇ ಕೇಳುತ್ತದೆ: 'ಹಾಗಾದರೆ ನರಗುಂದಕ್ಕೂ ಮೊನೊರೈಲನ್ನೇ ತರಬಹುದಲ್ಲ, ಸರ್?' ಆಗ ಉತ್ತರವನ್ನು ನೀವು ಹೇಳಬೇಡಿ, ಹಲಗೆಯಿಂದಲೇ ಹೇಳಿಸಿ. ಕಡಲೆ, ಗೋವಿನಜೋಳ, ಈರುಳ್ಳಿ ಚೀಲಗಳೆಂದು ಒಂದು ಹಿಡಿ ಉಸುಕನ್ನು ಮೊನೊರೈಲಿನ ಮೇಲೆ ಹೇರಿ ನೋಡಲಿ. ಅದು ಏರಲಾರದೆ ಗೊಣಗುತ್ತದೆ. ಅದೇ ಉಸುಕನ್ನು ಕೆಳಗಿನ ರೈಲು ಬಯಲಿನುದ್ದಕ್ಕೂ ಸರಾಗವಾಗಿ ಎಳೆಯುತ್ತದೆ. ಗುಡ್ಡ ಏರುವ ನಾಲ್ಕು ಜನಕ್ಕೆ ಒಂದು ಹಳಿ ಸಾಕು. ಬೆಳೆ ಸಾಗಿಸುವ, ಓದಿಗೆ, ಆಸ್ಪತ್ರೆಗೆ, ಕೂಲಿಗೆ ದೂರದೂರಿಗೆ ಹೋಗುವ ಬಯಲು ಸೀಮೆಗೆ ಎರಡು ಹಳಿಯೇ ಬೇಕು. ತಮ್ಮ ಊರಿಗೆ ಏನು ಬೇಕು, ಏಕೆ ಬೇಕು ಎಂಬುದನ್ನು ಕೈಯಾರೆ ಅಳೆದು ತಿಳಿದ ಮಗು ನಾಳೆ ದೊಡ್ಡದಾಗಿ ಒಂದು ಮನವಿ ಬರೆದರೆ ಅದರಲ್ಲಿ ಬರಿಯ ಕೂಗು ಇರುವುದಿಲ್ಲ, ಲೆಕ್ಕವೂ ಇರುತ್ತದೆ. ರೈಲಿಲ್ಲದ ಊರಿನ ಶಾಲೆಯಲ್ಲಿ ಆಟದ ರೈಲಿಗೆ ಇರುವ ಬೆಲೆ ಇದು.