ಅದೇ ಹೆದ್ದಾರಿ, ಇರುಳಿನಲ್ಲಿ



ಈಗಲ್ಸ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು 1976ರ ಡಿಸೆಂಬರಿನಲ್ಲಿ ಬಂದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಆಲ್ಬಮ್. ಅಷ್ಟು ಹೊತ್ತಿಗೆ ಈ ತಂಡ ಕಂಟ್ರಿ ಸಂಗೀತವನ್ನು ಕೈಬಿಟ್ಟು ಪೂರಾ ರಾಕ್ ಆಗಿತ್ತು ಅನ್ನುವ ಮಾತು ರೂಢಿಯಲ್ಲಿದೆ. ವಾದ್ಯಗಳನ್ನಷ್ಟೇ ಗಮನಿಸಿದರೆ ಒಪ್ಪಬಹುದು. ಕಂಠಗಳನ್ನೂ ಸಾಹಿತ್ಯವನ್ನೂ ಗಮನಿಸಿದರೆ ನಾನು ಒಪ್ಪಲಾರೆ.

1972ರ ಮೊದಲ ಆಲ್ಬಮ್ ಶುರುವಾಗುವುದು ‘ಟೇಕ್ ಇಟ್ ಈಸಿ’ಯಿಂದ. ಜಾಕ್ಸನ್ ಬ್ರೌನ್ ಅರ್ಧಕ್ಕೆ ನಿಲ್ಲಿಸಿದ್ದ ಹಾಡನ್ನು ತಂಡದ ಗ್ಲೆನ್ ಫ್ರೈ ಪೂರ್ತಿ ಮಾಡಿದ್ದು. ಹಾಡಿನಲ್ಲಿ ಅರಿಜೋನಾದ ವಿನ್ಸ್ಲೋ ಊರು, ಹಗಲು, ಎದುರಿಗೆ ತೆರೆದ ರಸ್ತೆ. ಗಿಟಾರುಗಳ ಹಿಂದೆ ಬರ್ನಿ ಲೆಡನ್ ಅವರ ಬ್ಯಾಂಜೊ ಇಮ್ಮಡಿ ಕಾಲದಲ್ಲಿ ಓಡುತ್ತದೆ. ಇಷ್ಟೊಂದು ಅಮೆರಿಕನ್ ಆದ ಈ ಧ್ವನಿ ಮುದ್ರಣಗೊಂಡದ್ದು ಲಂಡನ್ನಿನಲ್ಲಿ, ಗ್ಲಿನ್ ಜಾನ್ಸ್ ಎಂಬ ಇಂಗ್ಲಿಷ್ ನಿರ್ಮಾಪಕರ ಕೈಯಲ್ಲಿ! ಇನ್ನೊಂದು ಸಂಗತಿ: ಆ ಆಲ್ಬಮ್ಮಿನ ಹತ್ತು ಹಾಡುಗಳನ್ನು ತಂಡದ ನಾಲ್ವರೂ ಹಂಚಿಕೊಂಡು ಹಾಡಿದ್ದಾರೆ. ಡಾನ್ ಹೆನ್ಲಿ ಮುಖ್ಯ ಗಾಯಕರಾಗಿರುವುದು ಎರಡರಲ್ಲಿ ಮಾತ್ರ.

ನಾಲ್ಕು ವರ್ಷದಲ್ಲಿ ಬಹಳಷ್ಟು ಬದಲಾಯಿತು. ನಿರ್ಮಾಪಕರು ಬದಲಾದರು, ಗಿಟಾರಿಗ ಡಾನ್ ಫೆಲ್ಡರ್ ಸೇರಿದರು. 1975ರ ಕೊನೆಗೆ ಲೆಡನ್ ಹೊರಟರು. ಅವರೊಂದಿಗೆ ಬ್ಯಾಂಜೊ, ಮ್ಯಾಂಡೊಲಿನ್ ಕೂಡ ಹೋದವು. ಅವರ ಜಾಗಕ್ಕೆ ಬಂದ ಜೋ ವಾಲ್ಶ್ ಅಪ್ಪಟ ರಾಕ್ ಗಿಟಾರಿಗ. ಹೊಸ ಆಲ್ಬಮ್ಮಿನ ಎಂಟು ಹಾಡುಗಳಲ್ಲಿ ಐದು ಹೆನ್ಲಿಯವರ ಪಾಲಾದವು. ಒಂದು ಮೇಳದ ಹಂಚಿಕೆ ಹೀಗೆ ಒಬ್ಬರತ್ತ ವಾಲಿದ್ದು ನನಗೆ ನಷ್ಟವೆಂದೇ ಅನ್ನಿಸುತ್ತದೆ. ಆದರೂ ‘ನ್ಯೂ ಕಿಡ್ ಇನ್ ಟೌನ್’ ಕೇಳಿ: ಫ್ರೈ ಮುಂದೆ ನಿಂತು ಹಾಡುವಾಗ ಉಳಿದವರ ದನಿಗಳು ಒಂದರ ಮೇಲೊಂದು ಕೂಡಿಕೊಳ್ಳುವ ರೀತಿ 1972ರದ್ದೇ. ಕಂಠಗಳ ಆ ಜೋಡಣೆಗೆ ಗ್ರ್ಯಾಮಿಯೂ ಬಂತು.

ಇನ್ನು ಶೀರ್ಷಿಕೆ ಗೀತೆ. ಫೆಲ್ಡರ್ ಮತ್ತು ವಾಲ್ಶ್ ಕೊನೆಯಲ್ಲಿ ಸುಮಾರು ಎರಡು ನಿಮಿಷ ನಡೆಸುವ ಗಿಟಾರ್ ಸಂವಾದವನ್ನು ಎಲ್ಲರೂ ಕೊಂಡಾಡುತ್ತಾರೆ, ಅದು ಸರಿಯೇ. ನನ್ನನ್ನು ಹಿಡಿಯುವುದು ಅದರ ಆರಂಭ. ಮತ್ತೆ ಮರುಭೂಮಿ, ಮತ್ತೆ ಹೆದ್ದಾರಿ, ಮತ್ತೆ ಒಬ್ಬಂಟಿ ಪ್ರಯಾಣಿಕ. ಈ ಸಲ ಕತ್ತಲಾಗಿದೆ, ಅವನಿಗೆ ದಣಿವಾಗಿದೆ. ಮೊದಲ ಆಲ್ಬಮ್ಮಿನಲ್ಲಿ ಬಿಡುಗಡೆಯಾಗಿದ್ದ ರಸ್ತೆ ಇಲ್ಲಿ ಅವನನ್ನು ಬಲೆಗೆ ತಂದು ನಿಲ್ಲಿಸುತ್ತದೆ. ಕಂಟ್ರಿಯ ಕಥನವನ್ನು ಬಿಟ್ಟವರಿಗೆ ಇದು ದಕ್ಕುತ್ತಿರಲಿಲ್ಲ. ಅದನ್ನು ಒಳಗಿನಿಂದ ಬಲ್ಲವರು ಅದರ ಭರವಸೆಯನ್ನೇ ಪ್ರಶ್ನೆಗೆ ಒಡ್ಡಿದ್ದಾರೆ.

ಕೊನೆಯ ಹಾಡು ‘ದ ಲಾಸ್ಟ್ ರೆಸಾರ್ಟ್’ ಈ ಪ್ರಶ್ನೆಯನ್ನು ಏಳು ನಿಮಿಷಕ್ಕೂ ಮೀರಿ ಬೆಳೆಸುತ್ತದೆ. ಪೂರ್ವ ತೀರದ ಪ್ರಾವಿಡೆನ್ಸ್‌ನಿಂದ ಪಶ್ಚಿಮಕ್ಕೆ ಹೊರಟ ಜನ ಸಿಕ್ಕ ನೆಲವನ್ನೆಲ್ಲ ಕೆಡಿಸುತ್ತ, ಮಲಿಬೂ ದಾಟಿ ಹವಾಯಿಯವರೆಗೂ ಹೋಗುತ್ತಾರೆ. 1979ರ ‘ದ ಲಾಂಗ್ ರನ್’ನಲ್ಲಿ ಕಸುಬು ಇನ್ನೂ ನಯವಾಗಿದೆ, ಆದರೆ ಇಷ್ಟು ದೊಡ್ಡ ನೋಟ ಅಲ್ಲಿಲ್ಲ.

ಈಗ ‘ಟೇಕ್ ಇಟ್ ಈಸಿ’, ಅದರ ಬೆನ್ನಿಗೇ ‘ದ ಲಾಸ್ಟ್ ರೆಸಾರ್ಟ್’ ಕೇಳೋಣ. ಗಿಟಾರುಗಳನ್ನು ಬಿಟ್ಟು ಹಿನ್ನೆಲೆಯ ದನಿಗಳ ಕಡೆ ಕಿವಿಯಿಡಿ.