ರಾತ್ರಿಶಾಲೆಯೂ ಕಂಪ್ಯೂಟರೂ

(ಡೊಂಬಿವಲಿಯಲ್ಲಿ ಕನ್ನಡಿಗ ಕೆಲಸಗಾರರ ಕಂಪ್ಯೂಟರ್ ತರಗತಿಯ ಆರಂಭದ ದಿನ ಮಾಡಿದ ಭಾಷಣ)



ಭಾಷಣ ಮಾಡಬೇಕೆಂದು ಸಂಘದವರು ಹೇಳಿಕಳುಹಿಸಿದಾಗ ನಾನು ಮೊದಲು ಒಲ್ಲೆನೆಂದೆ. ನಾನು ವೇದಿಕೆಯ ಮನುಷ್ಯನಲ್ಲ. ಹುಡುಗನಾಗಿ ಠಾಣೆಯ ಒಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವನು. ರಾತ್ರಿಶಾಲೆಯ ಪುಣ್ಯದಿಂದ ಗಲ್ಲಾದ ಹಿಂದೆ ಕುಳಿತೆ. ಲೆಕ್ಕಪತ್ರದ ಸಲುವಾಗಿ ಕಂಪ್ಯೂಟರು ಕಲಿತೆ. ಕಲಿತದ್ದನ್ನು ನಾಲ್ಕು ಜನಕ್ಕೆ ಹೇಳಿಕೊಡಲು ಹೋಗಿ ಪಟ್ಟ ಪಾಡನ್ನಷ್ಟೇ ತಮ್ಮ ಮುಂದೆ ಅರಿಕೆ ಮಾಡುತ್ತೇನೆ.

ಮುಂಬಯಿಯ ಕನ್ನಡಿಗರಿಗೆ ರಾತ್ರಿಶಾಲೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊಗವೀರರ ರಾತ್ರಿಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿಶಾಲೆ, ಫೋರ್ಟಿನ ಕನ್ನಡ ಶಾಲೆಗಳು, ಇವುಗಳ ಬೆಂಚಿನ ಮೇಲೆ ತೂಕಡಿಸಿದವರು ಈ ಸಭೆಯಲ್ಲೂ ಇದ್ದೀರಿ. ಹಗಲೆಲ್ಲ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ ರಾತ್ರಿ ನಮ್ಮ ಮುಂದೆ ಸೀಮೆಸುಣ್ಣ ಹಿಡಿದ ಆ ಮಾಸ್ತರರು ಒಂದು ಕೆಲಸವನ್ನು ಮಾತ್ರ ಮಾಡಲಿಲ್ಲ: ಊರಿಗೆ ಕಾಗದ ಬರೆದುಕೊಡಿ ಎಂದು ಗೋಗರೆದರೂ ಬರೆದುಕೊಡಲಿಲ್ಲ. ಅದಕ್ಕೆ ಅಂಚೆಕಚೇರಿಯ ಹೊರಗೆ ದುಡ್ಡು ತೆಗೆದುಕೊಂಡು ಕಾಗದ ಬರೆಯುವವನಿದ್ದ. ಮಾಸ್ತರರು ನಮ್ಮ ಕೈಗೇ ಪೆನ್ಸಿಲು ಕೊಟ್ಟು, 'ನಿನ್ನ ತಾಯಿಗೆ ನೀನೇ ಬರೆ' ಎಂದರು.

ಆ ಕಾಗದ ಬರೆಯುವವನು ಈಗ ಮತ್ತೆ ಬಂದು ಕುಳಿತಿದ್ದಾನೆ. ಸ್ಟೇಷನ್ನಿನ ಹೊರಗೆ ಕಂಪ್ಯೂಟರಿಟ್ಟುಕೊಂಡು ಕುಳಿತಿದ್ದಾನೆ. 2014ರಿಂದ ಪ್ರಾವಿಡೆಂಟ್ ಫಂಡಿನ ಸದಸ್ಯರಿಗೆಲ್ಲ 12 ಅಂಕಿಗಳ ಸ್ಥಿರ ಸಂಖ್ಯೆ ಬಂತು. ಹೋಟೆಲು ಬದಲಿಸಿದರೂ ಸಂಖ್ಯೆ ಬದಲಾಗದು. ಒಳ್ಳೆಯ ಏರ್ಪಾಡೇ ಸರಿ. ಆದರೆ ಕಲ್ಯಾಣದ ನನ್ನ ಗೆಳೆಯರೊಬ್ಬರು, ಭಟ್ಟಿಯ ಮುಂದೆ ಆಯುಷ್ಯ ಸವೆಸಿದವರು, ಆ ಸಂಖ್ಯೆಯನ್ನು ಒಂದು ಅಂಗಡಿಯವನ ಕೈಗೆ ಕೊಟ್ಟರು. ಅವನು ತನ್ನದೇ ಮೊಬೈಲ್ ನಂಬರು ತುಂಬಿಸಿ, ಗುಪ್ತಪದವನ್ನೂ ತಾನೇ ಇಟ್ಟುಕೊಂಡ. ತಮ್ಮ ಹಣ ಎಷ್ಟಿದೆ ಎಂದು ನೋಡಲು ಇವರು ಪ್ರತಿ ಸಲವೂ ಐವತ್ತು ರೂಪಾಯಿ ತೆತ್ತರು. ಒಂದು ದಿನ ಹೋಗಿ ನೋಡಿದರೆ ಅಂಗಡಿಗೆ ಬೀಗ. ನಂಬರು ಬದಲಿಸುವಷ್ಟರಲ್ಲಿ ಮಗಳ ಮದುವೆಯ ದಿನ ಕಳೆದುಹೋಗಿತ್ತು. ಮದುವೆ ಸಾಲದಲ್ಲಿ ನಡೆಯಿತು.

'ನಮಗೇಕೆ ಕಂಪ್ಯೂಟರು, ಮಕ್ಕಳು ಮಾಡಿಕೊಡುತ್ತಾರೆ' ಎನ್ನುವವರಿದ್ದಾರೆ. ನಿಜ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿತು. ಠಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘದವರು ಶಾಲೆ ನಡೆಸಿದರು. ನಮ್ಮ ಮಕ್ಕಳು ಯಂತ್ರಕ್ಕೆ ಹೆದರುವವರಲ್ಲ. ಆದರೆ ಮಗನೋ ಮಗಳೋ ಕೆಲಸಕ್ಕೆಂದು ಪುಣೆಗೆ ಹೋದ ಮರುದಿನ ತಂದೆ ಅದೇ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾನೆ.

ಇನ್ನು ನನ್ನ ತಪ್ಪಿನ ಮಾತು. ಮೊದಲ ತರಗತಿ ತೆಗೆದಾಗ ಬಂದವರಲ್ಲಿ ಗಿರಣಿ ಮುಚ್ಚಿ ಮನೆಯಲ್ಲಿದ್ದ ಹಿರಿಯರೊಬ್ಬರಿದ್ದರು. ಮೌಸು ಹಿಡಿದರೆ ಅವರ ಕೈ ನಡುಗುತ್ತಿತ್ತು. ಬಾಣದ ಗುರುತು ಪರದೆಯ ಮೂಲೆಗೆ ಓಡುತ್ತಿತ್ತು. ನನಗೆ ತಾಳ್ಮೆಯಿಲ್ಲ. 'ಕೊಡಿ ಅಣ್ಣ, ಹೀಗೆ' ಎಂದು ಕಸಿದುಕೊಂಡು ಟಕಟಕನೆ ಮಾಡಿ ತೋರಿಸುತ್ತಿದ್ದೆ. ನಾಲ್ಕನೆಯ ದಿನ ಅವರು ಶಾಂತವಾಗಿ ಹೇಳಿದರು: 'ಮಾಸ್ತರೇ, ನೀವು ಚೆನ್ನಾಗಿ ಕಲಿತಿರಿ, ನಾನು ಚೆನ್ನಾಗಿ ನೋಡಿದೆ. ನಾನು ಬದಲಿಯಾಗಿ ಗಿರಣಿಗೆ ಸೇರಿದಾಗ ಜಾಬರ ನನ್ನನ್ನು ಬೈದ, ಆದರೆ ಕಡಿದ ಎಳೆಯನ್ನು ನನ್ನ ಕೈಯಿಂದಲೇ ಕಟ್ಟಿಸಿದ.' ಅಂದಿನಿಂದ ಪಾಠದ ಹೊತ್ತಿನಲ್ಲಿ ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಇನ್ನೊಂದು ಭಯ ಇಂಗ್ಲಿಷಿನದು. ಕಂಪ್ಯೂಟರಿಗೆ ಇಂಗ್ಲಿಷು ಬರಬೇಕೆಂದು ಅನೇಕರು ಹೊಸ್ತಿಲಿನಿಂದಲೇ ಹಿಂದಿರುಗಿದರು. ಮಂಗಳೂರು ಕಡೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ನಮ್ಮ ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಇಂಗ್ಲಿಷಿನ ಅದೇ ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡದ ಅಕ್ಷರಗಳೆಲ್ಲ ಕೂಡುವ ಹಾಗೆ, ಬಾಯಲ್ಲಿ ಉಚ್ಚರಿಸಿದ ಕ್ರಮದಲ್ಲೇ ಒತ್ತುವ ಹಾಗೆ, ಅವರು ಕೀಲಿಮಣೆಯನ್ನು ರೂಪಿಸಿದರು. ಅದನ್ನು ಅಳವಡಿಸಿದ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಬಿಟ್ಟಿಯಾಗಿ ಹಂಚಿದರು. ಮುಂದೆ ಕರ್ನಾಟಕ ಸರಕಾರ ಅದೇ ವಿನ್ಯಾಸವನ್ನು ಒಪ್ಪಿತು. ಇಂದಿನ 'ನುಡಿ'ಯಲ್ಲಿರುವುದೂ ಅದೇ. ಅ, ಮ, ಒತ್ತು ಕೂಡಿಸುವ ಒಂದು ಕೀಲಿ, ಮತ್ತೆ ಮ: ನಾಲ್ಕು ಸಲ ಬೆರಳಿಟ್ಟರೆ ಪರದೆಯ ಮೇಲೆ 'ಅಮ್ಮ' ಎಂದು ಮೂಡುತ್ತದೆ. ನಾನು ಹೇಳಿದ ಆ ಹಿರಿಯರು ಅದನ್ನು ಮೂಡಿಸಿದ ದಿನ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಮರುದಿನ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದರು.

ಈಗ ಊರಿನ ಸಂಗತಿ. ನಮ್ಮಲ್ಲಿ ನಾಲ್ಕು ಕಾಸು ಕೂಡಿಸಿದವರು ಹುಟ್ಟೂರ ಶಾಲೆಗೆ ಕಂಪ್ಯೂಟರು ಕೊಡುವುದು ಸಂತೋಷದ ವಿಷಯ. ಕುಂದಾಪುರದ ಕಡೆಯ ಒಂದು ಹಳ್ಳಿಶಾಲೆಗೆ ನಾವೂ ನಾಲ್ಕು ಯಂತ್ರ ಕಳುಹಿಸಿದೆವು. ಹಾರ, ಫೋಟೋ ಎಲ್ಲ ಆಯಿತು. ಎರಡು ವರ್ಷ ಕಳೆದು ಹೋಗಿ ನೋಡಿದರೆ ಯಂತ್ರಗಳು ಹೆಡ್‌ಮಾಸ್ತರರ ಕೋಣೆಯಲ್ಲಿ ಬಟ್ಟೆಯ ಗವುಸು ಹೊದ್ದು, ಬಿಸಿಯೂಟದ ಅಕ್ಕಿಚೀಲದ ಪಕ್ಕದಲ್ಲಿದ್ದವು. ಆಯುಧಪೂಜೆಯ ಕುಂಕುಮ ಮಾತ್ರ ಹೊಸದಾಗಿತ್ತು. ಹೆಡ್‌ಮಾಸ್ತರರನ್ನು ದೂರಿ ಫಲವಿಲ್ಲ. ಕಲಿಸುವವರೇ ಇಲ್ಲದ ಕಡೆ, ಹಾಳಾದರೆ ತಮ್ಮ ಮೇಲೆ ಬರುತ್ತದೆಂದು ಅವರು ಅಂಜಿದ್ದರು.

ಯಂತ್ರವೇ ಇಲ್ಲದೆ ಕಲಿಸಿದವರೂ ಇದ್ದಾರೆ. ಆಫ್ರಿಕಾದ ಘಾನಾ ದೇಶದ ಸೆಕ್ಯೆಡುಮಾಸೆ ಎಂಬ ಊರಿನಲ್ಲಿ ರಿಚರ್ಡ್ ಅಪ್ಪಿಯಾ ಅಕೋಟೊ ಎಂಬ ಮಾಸ್ತರರು. ಅಲ್ಲಿಯ ಮಕ್ಕಳು ಹೈಸ್ಕೂಲಿಗೆ ಹೋಗಬೇಕಾದರೆ ಕಂಪ್ಯೂಟರಿನ ಪರೀಕ್ಷೆಯನ್ನೂ ಬರೆಯಬೇಕು. ಶಾಲೆಯಲ್ಲಿ ಒಂದು ಕಂಪ್ಯೂಟರೂ ಇರಲಿಲ್ಲ. ಈ ಪುಣ್ಯಾತ್ಮ ಬಣ್ಣದ ಸೀಮೆಸುಣ್ಣದಿಂದ ಇಡೀ ಪರದೆಯನ್ನು, ಅದರ ಒಂದೊಂದು ಗುಂಡಿಯನ್ನೂ ಬಿಡದೆ, ಕರಿಹಲಗೆಯ ಮೇಲೆ ಬರೆದು ಪಾಠ ಹೇಳಿದರು. 2018ರಲ್ಲಿ ಆ ಚಿತ್ರ ಲೋಕವೆಲ್ಲ ಸುತ್ತಿ, ಹಲವರು ಯಂತ್ರಗಳನ್ನು ಕೊಟ್ಟರು. ಕೊಟ್ಟವರಲ್ಲಿ ನಮ್ಮ ದೇಶದ ಎನ್.ಐ.ಐ.ಟಿ. ಕಂಪೆನಿಯ ಘಾನಾ ಕೇಂದ್ರವೂ ಒಂದು. ಹಾಗೆ ಬಂದ ಯಂತ್ರಗಳ ಪಕ್ಕದಲ್ಲಿ ಒಬ್ಬ ಮಾಸ್ತರ ಮೊದಲೇ ನಿಂತಿದ್ದ. ನಮ್ಮ ನಾಲ್ಕು ಯಂತ್ರಗಳಿಗೆ ಆ ಭಾಗ್ಯವಿರಲಿಲ್ಲ.

ಆದುದರಿಂದ ಮರುವರ್ಷ ನಾವು ಮೂವರು ರಜೆ ಹಾಕಿ ಆ ಶಾಲೆಗೆ ಹೋದೆವು. ಇದರಲ್ಲೊಂದು ತೊಡಕಿದೆ. ಹೋಟೆಲಿನವರಾದ ನಾವು ಊರಿಗೆ ಹೋಗುವುದು ಮೇ ತಿಂಗಳಲ್ಲಿ. ಆಗ ಶಾಲೆಗೇ ರಜೆ! ಯಜಮಾನರನ್ನು ಒಪ್ಪಿಸಿ ಜುಲೈಯಲ್ಲಿ ಹೋದೆವು. ಮಳೆಗಾಲದ ಕರೆಂಟು ಗಂಟೆಗೊಮ್ಮೆ ಹೋಗುತ್ತಿತ್ತು. ಹೋದಾಗಲೆಲ್ಲ ನಾವೂ ಹಲಗೆಯ ಮೇಲೆ ಕೀಲಿಮಣೆ ಬರೆದೆವು. ಹನ್ನೆರಡು ದಿನಗಳಲ್ಲಿ ಮಕ್ಕಳಿಗಿಂತ ಹೆಚ್ಚಾಗಿ ಅಲ್ಲಿಯ ಒಬ್ಬ ಟೀಚರಮ್ಮನಿಗೆ ಮತ್ತು ಏಳನೆಯ ತರಗತಿಯ ನಾಲ್ಕು ಮಕ್ಕಳಿಗೆ ಕಲಿಸಿದೆವು, ಏಕೆಂದರೆ ಹದಿಮೂರನೆಯ ದಿನ ನಾವು ಬಸ್ಸು ಹತ್ತುವವರು. ಒಂದು ಯಂತ್ರ ಆಗಲೇ ಕೆಟ್ಟಿತ್ತು, ಅದು ಏಳಲಿಲ್ಲ. ಉಳಿದ ಮೂರಕ್ಕೆ ಈಗ ಗವುಸಿಲ್ಲವೆಂದು ಟೀಚರಮ್ಮ ಬರೆದಿದ್ದಾರೆ. ಕನ್ನಡದಲ್ಲಿ, ತಾವೇ ಟೈಪು ಮಾಡಿ.

ಇಲ್ಲಿಯ ತರಗತಿಯ ವಿಚಾರ ಇಷ್ಟೆ. ಹೋಟೆಲಿನವರಿಗೆ ಮಧ್ಯಾಹ್ನ 3ರಿಂದ 5, ವಿಶ್ರಾಂತಿಯ ಹೊತ್ತಿನಲ್ಲಿ. ಪಾಳಿಯ ಕೆಲಸದವರಿಗೆ ಭಾನುವಾರ. ನವಿಮುಂಬಯಿಯಿಂದ ಬರುವವರು ತಡವಾದರೆ ಅಂಜಬೇಡಿ. ಯಂತ್ರಗಳು ಐದೇ, ಒಂದಕ್ಕೆ ಇಬ್ಬರು ಕೂರಬೇಕು. ಮೊದಲ ದಿನ ಹೆಸರು ಬರೆಯುವುದು. ಎರಡನೆಯ ವಾರ ಪ್ರಾವಿಡೆಂಟ್ ಫಂಡಿನ ಖಾತೆಯನ್ನು ತಾನೇ ತೆರೆದು ನೋಡುವುದು. ಗುಪ್ತಪದವನ್ನು ನನಗೂ ಹೇಳಬಾರದು. ಬರುವ ಜುಲೈಗೆ ಊರಿನ ಶಾಲೆಗೆ ಹೋಗಲು ಇನ್ನೂ ಇಬ್ಬರು ಬೇಕು. ರಜೆಗಾಗಿ ಯಜಮಾನರನ್ನು ಕೇಳುವುದಕ್ಕೆ ನಾನೇ ಜೊತೆಗೆ ಬರುತ್ತೇನೆ. ಬಾಗಿಲ ಬಳಿ ಪುಸ್ತಕವಿಟ್ಟಿದ್ದೇವೆ, ಹೋಗುವಾಗ ಹೆಸರು ಬರೆದುಹೋಗಿ.