ಡಾಟ್ಸನ್ 240 ಝಡ್ ಮತ್ತು 280 ಝಡ್: ಒಂದು ತುಲನೆ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಹಳೆಯ ಕಾರುಗಳ ಅಭಿಮಾನಿಗಳಲ್ಲಿ ಒಂದು ನಂಬಿಕೆ ಬೇರೂರಿದೆ: ಡಾಟ್ಸನ್ 240 ಝಡ್ ಅಪ್ಪಟವಾದುದು, ಅದರ ತರುವಾಯ ಬಂದ 280 ಝಡ್ ಸ್ಥೂಲಗೊಂಡ ಪ್ರತಿಕೃತಿ. ಈ ತೀರ್ಪು ನ್ಯಾಯಸಮ್ಮತವೇ ಎಂಬುದನ್ನು ಪರಿಶೀಲಿಸುವುದೇ ನನ್ನ ಉದ್ದೇಶ.

1969ರಲ್ಲಿ ನಿಸ್ಸಾನ್ ಸಂಸ್ಥೆಯು ಜಪಾನಿನಲ್ಲಿ 'ಫೇರ್‌ಲೇಡಿ ಝಡ್' ಎಂಬ ಕಾರನ್ನು ಪ್ರಕಟಿಸಿತು. ಅದರ ರೂಪವಿನ್ಯಾಸದ ತಂಡದ ನಾಯಕರು ಯೋಶಿಹಿಕೊ ಮತ್ಸುವೊ. ಅಮೆರಿಕದಲ್ಲಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಯುಟಾಕಾ ಕಟಾಯಾಮ ಅವರಿಗೆ ಆ ಹೆಸರು ಇಲ್ಲಿಗೆ ಒಗ್ಗದೆಂದು ತೋರಿತು. ಆದ್ದರಿಂದ ಅದು 240 ಝಡ್ ಎನಿಸಿತು. 2,393 ಸಿ.ಸಿ.ಯ ಆರು ಸಿಲಿಂಡರುಗಳ ಎಂಜಿನ್, ಎರಡು ಕಾರ್ಬ್ಯುರೇಟರುಗಳು, ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್. ಇಷ್ಟೆಲ್ಲದಕ್ಕೂ ಆರಂಭದ ಬೆಲೆ 3,526 ಡಾಲರ್ ಮಾತ್ರ.

ಆದರೆ ಕಾಲ ಬದಲಾಯಿತು. 1970ರ ಶುದ್ಧ ವಾಯು ಕಾಯಿದೆಯು ಹೊಗೆಯ ಮೇಲೆ ನಿರ್ಬಂಧ ಹೇರಿತು. 1973ರ ಮಾದರಿಗಳಿಂದ, ನಿಧಾನಗತಿಯ ಡಿಕ್ಕಿಯನ್ನು ತಾಳಬಲ್ಲ ಬಂಪರುಗಳು ಕಡ್ಡಾಯವಾದವು. ಹೊಗೆಯ ನಿಯಮಕ್ಕೆಂದು ಬದಲಿಸಿದ ಕಾರ್ಬ್ಯುರೇಟರುಗಳು ಬಿಸಿಯಾದಾಗ ಮೊಂಡು ಹಿಡಿಯುತ್ತಿದ್ದವು. 1974ರ 260 ಝಡ್‌ನಲ್ಲೂ ಈ ತೊಡಕು ನೀಗಲಿಲ್ಲ.

1975ರಿಂದ 1978ರವರೆಗೆ ಮಾರಾಟವಾದ 280 ಝಡ್ ಇದಕ್ಕೆ ಉತ್ತರವಾಯಿತು. ಇತರ ದೇಶಗಳಲ್ಲಿ 260 ಝಡ್ ಮುಂದುವರಿಯಿತು. ಇದು ಉತ್ತರ ಅಮೆರಿಕಕ್ಕೆಂದೇ ರೂಪುಗೊಂಡ ಕಾರು. ಎಂಜಿನ್ 2,753 ಸಿ.ಸಿ.ಗೆ ಬೆಳೆಯಿತು. ಕಾರ್ಬ್ಯುರೇಟರಿನ ಸ್ಥಾನಕ್ಕೆ ಬಾಷ್ ಸಂಸ್ಥೆಯ ಎಲ್-ಜೆಟ್ರಾನಿಕ್ ಇಂಧನ ಇಂಜೆಕ್ಷನ್ ಬಂದಿತು. ಒಳಹೊಗುವ ಗಾಳಿಯನ್ನು ಅಳೆದು, ವಿದ್ಯುನ್ಮಾನ ಸಾಧನವು ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತದೆ. ಚಳಿಯಿರಲಿ, ಸೆಕೆಯಿರಲಿ, ಬೀಗದ ಕೈ ತಿರುಗಿಸಿದೊಡನೆ ಎಂಜಿನ್ ಎಚ್ಚರಗೊಳ್ಳುತ್ತದೆ. ತೆತ್ತ ಬೆಲೆಯೆಂದರೆ ಭಾರ: ಇನ್ನೂರು ಕಿಲೋಗೂ ಮಿಕ್ಕಿ ತೂಕ ಏರಿತು, ಮುಂದೆ ಹಿಂದೆ ದಪ್ಪ ಬಂಪರುಗಳು ಚಾಚಿಕೊಂಡವು.

ಇಲ್ಲೊಂದು ಎಚ್ಚರಿಕೆ. ಕಾಗದದ ಮೇಲೆ 240 ಝಡ್‌ಗೆ 151 ಅಶ್ವಶಕ್ತಿ, 280 ಝಡ್‌ಗೆ 149. ಹಾಗಾದರೆ ಶಕ್ತಿ ಕುಂದಿತೇ? ಇಲ್ಲ. ಮೊದಲನೆಯದು ಉಪಕರಣಗಳಿಲ್ಲದ ಬರಿಯ ಎಂಜಿನ್ನಿನ ಅಳತೆ. ಎರಡನೆಯದು ಕಾರಿನಲ್ಲಿ ಕೂರಿಸಿದ ಸ್ಥಿತಿಯಲ್ಲಿನ ಅಳತೆ. ಕುಗ್ಗಿದ್ದು ಅಂಕಿಯೇ ಹೊರತು ಎಂಜಿನ್ನಲ್ಲ. ಅಳತೆಗೋಲು ಬೇರೆಯಾದಾಗ ಅಂಕಿಗಳನ್ನು ಹೋಲಿಸುವುದು ಅವಿವೇಕ.

ಹಾಗೆಂದು ಎರಡೂ ಸಮವೆಂದು ನಾನು ವಾದಿಸುವುದಿಲ್ಲ. ತಿರುವಿನ ರಸ್ತೆಯಲ್ಲಿ ಹಗುರವಾಗಿ ಹೊರಳುವ ಸುಖ, ಕಣ್ಣಿಗೆ ತುಂಬುವ ರೇಖೆಯ ಶುದ್ಧಿ 240 ಝಡ್‌ಗೇ ಸಲ್ಲಬೇಕು. ನಿತ್ಯದ ಬಳಕೆ ಹಾಗೂ ದೂರಪ್ರಯಾಣಕ್ಕೆ 280 ಝಡ್ ಮೇಲು. ಕೊಳ್ಳಬಯಸುವವರು ಎರಡರಲ್ಲೂ ಬಣ್ಣಕ್ಕೆ ಮರುಳಾಗದೆ, ಮೊದಲು ತಳದ ತಗಡಿನ ತುಕ್ಕನ್ನು ಪರೀಕ್ಷಿಸತಕ್ಕದ್ದು.

280 ಝಡ್ ಈ ನೆಲದ ಕಾನೂನಿಗೆ, ಹವೆಗೆ ಹೊಂದಿಕೊಂಡು ಮೈ ಬದಲಿಸಿತು. ಎಂಜಿನ್ನಿನ ವಂಶವನ್ನು ಬಿಡಲಿಲ್ಲ. ಅದನ್ನು ನಕಲೆಂದು ಹೀಗಳೆಯುವ ಮುನ್ನ, ಸಾಗರ ದಾಟಿ ಬಂದು ನೆಲೆಸಿರುವ ನಾವಾದರೂ ಒಂದು ಕ್ಷಣ ಯೋಚಿಸುವುದು ಒಳಿತು.